ಸಂಪಾದಕರ ಉತ್ತರ: ಶಾಲೆಯ ಸಾಂತಾ, ಚರ್ಚಿನ ಗೋದಲಿ

ಮಾನ್ಯರೇ,

ಸಾಗರದಿಂದ ನೀವು ಬರೆದ ಪತ್ರ ತಲುಪಿದೆ. ನಿಮ್ಮ ಮಗಳ ಶಾಲೆಯಲ್ಲಿ ನಡೆದ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಸಾಂತಾ ಕ್ಲಾಸ್ ವೇಷ, ಕೇಕು, ಬಣ್ಣದ ನಕ್ಷತ್ರ ಎಲ್ಲವೂ ಇದ್ದು, ಯೇಸುಸ್ವಾಮಿಯ ಹೆಸರು ಮಾತ್ರ ಒಮ್ಮೆಯೂ ಕೇಳಿಬರಲಿಲ್ಲವೆಂದು ನೊಂದು ಬರೆದಿದ್ದೀರಿ. ನಂಬಿಕೆ ಇಲ್ಲದವರು ಈ ಹಬ್ಬವನ್ನು ಬಿಟ್ಟುಬಿಡಲಿ, ನಂಬುವವರಷ್ಟೇ ಪ್ರಾರ್ಥನೆಯಿಂದ ಆಚರಿಸಲಿ ಎಂಬುದು ನಿಮ್ಮ ವಾದ. ಶಾಲೆಗೆ ಆಕ್ಷೇಪಣೆ ಸಲ್ಲಿಸಬೇಕೇ ಎಂಬುದು ಪ್ರಶ್ನೆ. ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ವಾದವನ್ನು ಮಾತ್ರ ಒಪ್ಪಲಾರೆ.

ಆರಾಧನೆಯನ್ನೂ ಸಂಭ್ರಮವನ್ನೂ ಬಲವಂತವಾಗಿ ಬೇರ್ಪಡಿಸುವ ಪ್ರಯತ್ನ ಚರಿತ್ರೆಯಲ್ಲಿ ಎರಡೂ ಕಡೆಯಿಂದ ನಡೆದಿದೆ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ ಆಚರಣೆಯನ್ನೇ ರದ್ದುಪಡಿಸಿತು. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು ಹಬ್ಬ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ವಿಧಿಸಿತು, ಆ ಕಾನೂನು 1681ರವರೆಗೂ ಉಳಿಯಿತು. ಇದನ್ನು ಮಾಡಿದವರು ನಾಸ್ತಿಕರಲ್ಲ, ಅತ್ಯಂತ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರು. ಬೈಬಲಿನಲ್ಲಿ ಯೇಸು ಹುಟ್ಟಿದ ತಾರೀಖು ಇಲ್ಲ, ಜನರು ಆ ದಿನ ಕುಡಿದು ಕುಣಿಯುತ್ತಾರೆ ಎಂಬುದು ಅವರ ತಕರಾರಾಗಿತ್ತು. ಭಕ್ತಿ ಶುದ್ಧವಾಗಿರಲೆಂದು ಸಂಭ್ರಮವನ್ನು ಕಿತ್ತುಹಾಕಹೊರಟವರ ಕೈಯಲ್ಲಿ ಹಬ್ಬವೇ ಉಳಿಯಲಿಲ್ಲ. ಇದಕ್ಕೆ ವಿರುದ್ಧವಾಗಿ, ಸೋವಿಯತ್ ಸರ್ಕಾರ ಕ್ರಿಸ್‌ಮಸ್ಸನ್ನೂ ಅದರ ಅಲಂಕೃತ ಮರವನ್ನೂ ಹತ್ತಿಕ್ಕಿ, 1935ರಲ್ಲಿ ಮರವನ್ನಷ್ಟೇ ಹೊಸ ವರ್ಷದ ಮರವೆಂದು ವಾಪಸು ತಂದಿತು. ಮರ ಜನಪ್ರಿಯವೇನೋ ಆಯಿತು; ಆದರೂ 1991ರಿಂದ, ಅಲ್ಲಿನ ಆರ್ಥೊಡಾಕ್ಸ್ ಚರ್ಚಿನ ಪಂಚಾಂಗದಂತೆ ಜನವರಿ 7ರಂದು ಬರುವ ಕ್ರಿಸ್‌ಮಸ್ ರಷ್ಯಾದಲ್ಲಿ ಮತ್ತೆ ಸಾರ್ವಜನಿಕ ರಜೆಯಾಗಿದೆ.

ನಮ್ಮ ಮಲೆನಾಡಿನಲ್ಲಿ ಈ ಎರಡರ ನಡುವೆ ಗೋಡೆ ಇದ್ದದ್ದು ಕಡಿಮೆ. ದೀಪಾವಳಿಯ ರಾತ್ರಿ ದೇವರ ಮುಂದೆ ಹಚ್ಚಿದ ದೀಪವನ್ನು ಹೊತ್ತು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರನ್ನು ನೆನೆಯಿರಿ. ಬಾಗಿಲಲ್ಲಿ ಎಣ್ಣೆ ಹಿಡಿದು ನಿಂತವರಲ್ಲಿ ದೀಪಕ್ಕೆ ಕೈಮುಗಿಯುವವರೂ ಇರುತ್ತಾರೆ, ಹಾಡಿಗಾಗಿಯೇ ಎದ್ದು ಕುಳಿತವರೂ ಇರುತ್ತಾರೆ, ದೀಪ ಇಬ್ಬರಿಗೂ ಒಂದೇ. ಕೊಂಕಣಿ ಕ್ಯಾಥೊಲಿಕರ ಮನೆಗಳಿಂದ ನೆರೆಯವರಿಗೆ ಹೋಗುವ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯೂ ಅಂಥದ್ದೇ. ಅದರಲ್ಲಿರುವ ನೆವ್ರಿ, ಕಿಡಿಯೊ, ಚಕ್ಕುಲಿಗಳನ್ನು ತಿನ್ನಲು ಪಕ್ಕದ ಮನೆಯವರು ಯಾವ ವಿಶ್ವಾಸವನ್ನೂ ಘೋಷಿಸಬೇಕಾಗಿಲ್ಲ. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳೊಡನೆ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು, ಏರ್ಪಡಿಸಿದ್ದು ಕ್ರಿಸ್ತಜನನವನ್ನು ಸಾಮಾನ್ಯರು ಕಣ್ಣಾರೆ ಕಾಣಲಿ ಎಂದೇ. ಇಂದು ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್ಲಿಗೆ ಗೋದಲಿ ನೋಡಲು ಬರುವ ಅನ್ಯಧರ್ಮೀಯರನ್ನು ನಂಬಿಕೆಯ ಕಾರಣ ಹೇಳಿ ಹೊರಗಿಡಬೇಕೆಂದು ನೀವೂ ಬಯಸಲಾರಿರಿ.

ಆದರೆ ನಿಮ್ಮ ಪತ್ರ ಮುಟ್ಟದೆ ಬಿಟ್ಟ ಒಂದು ನಷ್ಟವಿದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ಸಾರ್ವಜನಿಕ ಕ್ರಿಸ್‌ಮಸ್ ನಂಬುವವರಿಂದ ಕಿತ್ತುಕೊಂಡಿರುವುದು ಕಾಯುವ ದಿನಗಳನ್ನು. ಚರ್ಚಿನ ಕ್ರಮದಲ್ಲಿ ಡಿಸೆಂಬರ್ ಹಬ್ಬದ ತಿಂಗಳಲ್ಲ. ಕ್ರಿಸ್ತಜನನಕ್ಕಾಗಿ ಕಾಯುವ ನಾಲ್ಕು ಭಾನುವಾರಗಳ ಆಗಮನ ಕಾಲ ಮುಗಿದು, 24ರ ರಾತ್ರಿ ಚರ್ಚಿನಲ್ಲಿ ನಡೆಯುವ ಬಲಿಪೂಜೆಯೊಂದಿಗೆ (ಮಾಸ್) ಹಬ್ಬ ಶುರುವಾಗುತ್ತದೆ, ಶುರುವಾದ ಮೇಲೆ ದಿನಗಟ್ಟಲೆ ಮುಂದುವರಿಯುತ್ತದೆ. ಕೇರಳದಿಂದ ನರಸಿಂಹರಾಜಪುರ, ಕೊಪ್ಪದ ಕಡೆಗೆ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತರಲ್ಲಿ ಡಿಸೆಂಬರ್ 1ರಿಂದಲೇ ಮಾಂಸ, ಮೀನು ಬಿಟ್ಟು ವ್ರತ ಹಿಡಿಯುವ ಸಂಪ್ರದಾಯವಿದೆ. ಅಂಗಡಿಯ ಕ್ರಿಸ್‌ಮಸ್ ಇದಕ್ಕೆ ತದ್ವಿರುದ್ಧ: ವ್ರತದ ದಿನಗಳಲ್ಲಿ ಕೇಕು ಮಾರಿ, ಹಬ್ಬ ನಿಜವಾಗಿ ಆರಂಭವಾದ ಮರುದಿನವೇ ನಕ್ಷತ್ರಗಳನ್ನು ಇಳಿಸಿಬಿಡುತ್ತದೆ. ಈ ನಷ್ಟವನ್ನು ಯಾವ ಶಾಲೆಯೂ ತುಂಬಿಕೊಡಲಾರದು. ಅದು ನಿಮ್ಮ ಮನೆಯ ಊಟದ ಮೇಜಿನ ಮೇಲೆ, ಮಗಳೊಂದಿಗೆ ಸಂಜೆ ಕುಳಿತು ಮಾಡುವ ಪ್ರಾರ್ಥನೆಯಲ್ಲಿ ಮರಳಿ ಸಿಗಬೇಕಾದದ್ದು.

ಇನ್ನು ಶಾಲೆಯ ವಿಷಯ. ಆಕ್ಷೇಪಣೆ ಬರೆಯಬೇಡಿ, ಆದರೆ ಸುಮ್ಮನೆಯೂ ಇರಬೇಡಿ. ನಮ್ಮ ಸಂವಿಧಾನದ 28ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಒಳಪಡಿಸುವಂತಿಲ್ಲ. ಹಾಗಾಗಿ ಶಾಲೆಯಿಂದ ಪ್ರಾರ್ಥನೆಯನ್ನು ಕೇಳುವುದು ಸರಿಯಾಗದು. ಕಥೆಯನ್ನು ಕೇಳಬಹುದು. ಛತ್ರದಲ್ಲಿ ಸ್ಥಳ ಸಿಗದ ತುಂಬು ಗರ್ಭಿಣಿ, ಗೋದಲಿಯಲ್ಲಿ ಮಲಗಿದ ಕೂಸು, ರಾತ್ರಿ ಕುರಿ ಕಾಯುತ್ತಿದ್ದವರಿಗೆ ಮೊದಲು ಮುಟ್ಟಿದ ಸುದ್ದಿ: ಲೂಕನ ಶುಭಸಂದೇಶದ ಎರಡನೇ ಅಧ್ಯಾಯದ ಈ ಪ್ರಸಂಗವನ್ನು ಮಕ್ಕಳು ಹತ್ತು ನಿಮಿಷದ ನಾಟಕವಾಗಿ ಆಡಿದರೆ ಯಾರ ನಂಬಿಕೆಗೂ ಧಕ್ಕೆಯಾಗದು, ಹಬ್ಬ ಯಾರದೆಂಬುದು ಎಲ್ಲ ಮಕ್ಕಳಿಗೂ ತಿಳಿಯುತ್ತದೆ. ಮುಂದಿನ ವರ್ಷ ನವೆಂಬರ್‌ನಲ್ಲೇ, ವೇಷಭೂಷಣ ನಿಗದಿಯಾಗುವ ಮೊದಲು, ಮುಖ್ಯೋಪಾಧ್ಯಾಯರನ್ನು ಕಂಡು ಇದನ್ನು ಸೂಚಿಸಿ. ನಾಟಕ ಬರೆದುಕೊಡಲು, ಮಕ್ಕಳಿಗೆ ಕಲಿಸಲು ನೀವೇ ಮುಂದಾಗಿ. ಸಾಂತಾನ ವೇಷವೂ ಇರಲಿ, ಮಕ್ಕಳಿಗೆ ಅದು ಇಷ್ಟ.

ಇಂತು,
ಸಂಪಾದಕ