ಶ್ರೀಮಂತರೂ ಕಂಪನಿಗಳೂ ಇನ್ನೂ ಜಾಸ್ತಿ ತೆರಿಗೆ ಕಟ್ಟಬೇಕಾ?

ನೀವು ಕೇಳಿರುವುದು ಎರಡು ಪ್ರಶ್ನೆ. ದೊಡ್ಡ ಕಂಪನಿಗಳೂ ಶ್ರೀಮಂತರೂ ಈಗಿನದಕ್ಕಿಂತ ಹೆಚ್ಚು ತೆರಿಗೆ ಕಟ್ಟಬೇಕೇ ಅನ್ನುವುದು ಒಂದು. ಕಟ್ಟಿಸಲು ಹೊರಟರೆ ಅವರು ದೇಶ ಬಿಟ್ಟು ಓಡಿಹೋಗುವುದಿಲ್ಲವೇ ಅನ್ನುವುದು ಇನ್ನೊಂದು. ಶ್ರೀಮಂತರ ವಿಷಯದಲ್ಲಿ ನನ್ನ ಉತ್ತರ ಹೌದು, ಕಟ್ಟಬೇಕು. ಕಂಪನಿಗಳ ವಿಷಯದಲ್ಲಿ ಅಷ್ಟು ಸಲೀಸಾಗಿ ಹೌದು ಅನ್ನಲಾರೆ. ಎಲ್ಲರೂ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಅರ್ಧ ಗೊಂದಲ ಶುರುವಾಗುವುದೇ ಅಲ್ಲಿ.

ನಾನು ಕೆಲವು ವರ್ಷ ಒಂದು ಆಡಿಟ್ ಆಫೀಸಿನಲ್ಲಿ ಕೆಲಸ ಮಾಡಿದ್ದೆ. ರಿಟರ್ನ್ ಸಲ್ಲಿಸುವ ಕೊನೆಯ ವಾರ, ರಾತ್ರಿ ಒಂಬತ್ತು ದಾಟಿತ್ತು. ನನ್ನ ಮೇಜಿನ ಮೇಲೆ ಎರಡು ಫೈಲು ಉಳಿದಿದ್ದವು. ಮೊದಲನೆಯದು ಒಬ್ಬ ಸಂಬಳದಾರರದು. ಹನ್ನೆರಡು ತಿಂಗಳ ಸಂಬಳ, ಹನ್ನೆರಡು ಸಲ ಮುರಿದುಕೊಂಡ ತೆರಿಗೆ. ದುಡ್ಡು ಕೈಗೆ ಬರುವ ಮೊದಲೇ ಸರ್ಕಾರದ ಪಾಲು ಹೋಗಿತ್ತು. ಹತ್ತು ನಿಮಿಷದಲ್ಲಿ ಫೈಲು ಮುಗಿಯಿತು.

ಎರಡನೆಯದು ಒಂದು ಕಂಪನಿಯ ಮಾಲೀಕರದು. ಸಂಬಳ ಅನ್ನುವುದು ಹೆಸರಿಗೆ ಮಾತ್ರ. ಡಿವಿಡೆಂಡ್ ತೆಗೆದುಕೊಂಡಿರಲಿಲ್ಲ. ಷೇರು ಮಾರಿರಲಿಲ್ಲ. ಹಾಗಾದರೆ ಇವರ ಮನೆ ನಡೆಯುವುದು ಹೇಗಪ್ಪಾ ಅಂತ ಹಾಳೆ ತಿರುವಿದೆ. ಕಡೆಗೆ ಬ್ಯಾಲೆನ್ಸ್ ಶೀಟಿನ ಎಡಬದಿಯಲ್ಲಿ ಉತ್ತರ ಸಿಕ್ಕಿತು. ಷೇರು ಅಡವಿಟ್ಟು ಬ್ಯಾಂಕಿನಿಂದ ಸಾಲ ಎತ್ತಿದ್ದರು. ಸಾಲ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ. ಆ ವರ್ಷ ಷೇರಿನ ಬೆಲೆ ಒಂದೂವರೆ ಪಟ್ಟಾಗಿತ್ತು. ಮಾರಿಲ್ಲವಲ್ಲ, ಅದೂ ಆದಾಯವಲ್ಲ. ಕೊನೆಗೆ ಅವರು ಕಟ್ಟಬೇಕಾದ ತೆರಿಗೆ ಮೊದಲ ಫೈಲಿನವರದಕ್ಕಿಂತ ಕಡಿಮೆ ಬಂತು. ತಪ್ಪು ಕೂಡಿಸಿದೆನೇನೋ ಅಂತ ಮತ್ತೆ ಕೂಡಿಸಿದೆ. ಅಷ್ಟೇ ಬಂತು. ಸೀನಿಯರ್ ಹತ್ತಿರ ಹೋದರೆ ಅವರು ತಲೆಯೂ ಎತ್ತದೆ, "ಎಲ್ಲ ಕಾನೂನು ಪ್ರಕಾರವೇ ಇದೆ, ಟಿಕ್ ಹಾಕು" ಅಂದರು. ಹಸಿರು ಪೆನ್ನಿನಿಂದ ಟಿಕ್ ಹಾಕಿದೆ.

ಅವತ್ತಿನಿಂದ ಯಾರಾದರೂ "ಶ್ರೀಮಂತರ ತೆರಿಗೆ ದರ ಏರಿಸಬೇಕು" ಅಂದರೆ ನನಗೆ ನೆನಪಾಗುವುದು ಮೊದಲನೇ ಫೈಲು. ದರ ಏರಿಸಿದರೆ ಏಟು ಬೀಳುವುದು ಅವರಿಗೆ. ಎರಡನೆಯವರಿಗೆ ದರ ಎಷ್ಟಾದರೂ ಒಂದೇ. ಸೊನ್ನೆಯ ಮೇಲೆ ಐವತ್ತು ಪರ್ಸೆಂಟ್ ಹಾಕಿದರೂ ಸೊನ್ನೆಯೇ ಅಲ್ವಾ?

ಇದು ನನ್ನ ಒಂದು ಮೇಜಿನ ಕಥೆ ಅಂದುಕೊಳ್ಳಬೇಡಿ. 2011ರಲ್ಲಿ ಅಮೆರಿಕದ ಭಾರಿ ಶ್ರೀಮಂತ ಹೂಡಿಕೆದಾರ ವಾರನ್ ಬಫೆಟ್ ತಾವೇ ಬರೆದು ಹೇಳಿಕೊಂಡರು: ಹಿಂದಿನ ವರ್ಷ ತಮ್ಮ ತೆರಿಗೆಗೆ ಒಳಪಟ್ಟ ಆದಾಯದಲ್ಲಿ ತಾವು ಕಟ್ಟಿದ್ದು ಶೇ. 17.4, ಆಫೀಸಿನಲ್ಲಿದ್ದ ಉಳಿದ 20 ಜನ ಕಟ್ಟಿದ್ದು ಸರಾಸರಿ ಶೇ. 36 ಅಂತ. ಹತ್ತು ವರ್ಷ ಕಳೆದು, 2021ರಲ್ಲಿ ಪ್ರೊಪಬ್ಲಿಕಾ ಅನ್ನುವ ಸುದ್ದಿಸಂಸ್ಥೆಯ ಕೈಗೆ ಅಮೆರಿಕದ ಅತಿ ಶ್ರೀಮಂತರ ತೆರಿಗೆ ದಾಖಲೆಗಳು ಸಿಕ್ಕವು. 2014ರಿಂದ 2018ರವರೆಗೆ ಮೊದಲ 25 ಜನರ ಆಸ್ತಿ ಏರಿದ್ದು 40,100 ಕೋಟಿ ಡಾಲರ್. ಅಷ್ಟೂ ವರ್ಷ ಸೇರಿ ಅವರು ಕಟ್ಟಿದ ಆದಾಯ ತೆರಿಗೆ 1,360 ಕೋಟಿ ಡಾಲರ್. ಅಂದರೆ ಏರಿಕೆಯ ಶೇ. 3.4. "ಮಾರದ ಷೇರಿನ ಏರಿಕೆಯನ್ನು ಆದಾಯ ಅಂತ ಎಣಿಸುವುದೇ ತಪ್ಪು" ಅಂತ ಈ ಲೆಕ್ಕಕ್ಕೆ ಆಕ್ಷೇಪ ಬಂತು. ಆಕ್ಷೇಪದಲ್ಲಿ ಹುರುಳಿದೆ. ಇವತ್ತು ಏರಿದ ಷೇರು ನಾಳೆ ಬೀಳಬಹುದು. ಆದರೆ ಅದೇ ಷೇರನ್ನು ತೋರಿಸಿ ಸಾಲ ತಂದು ಖರ್ಚು ಮಾಡಿದ ಮೇಲೆ "ಇನ್ನೂ ಏನೂ ಬಂದಿಲ್ಲ" ಅನ್ನುವುದು ಹೇಗೆ?

ಅಮೆರಿಕದಲ್ಲಿ ತೆರಿಗೆ ವಿಷಯ ಬಲ್ಲವರ ಬಾಯಲ್ಲಿ ಇದಕ್ಕೊಂದು ಮಾತೇ ಇದೆ: ಕೊಳ್ಳು, ಸಾಲ ಮಾಡು, ಸಾಯಿ. ಮೂರನೆಯ ಪದ ತಮಾಷೆಗೆ ಬಂದದ್ದಲ್ಲ. 10 ಡಾಲರಿಗೆ ಕೊಂಡ ಷೇರು, ಕೊಂಡವನು ಸಾಯುವ ಹೊತ್ತಿಗೆ 1,000 ಆಗಿದೆ ಅಂತಿಟ್ಟುಕೊಳ್ಳಿ. ಮಕ್ಕಳಿಗೆ ಅದು ಬಂದಾಗ ಅಲ್ಲಿನ ಕಾನೂನು "ನೀವು ಇದನ್ನು 1,000ಕ್ಕೆ ಕೊಂಡ ಹಾಗೆ" ಅಂದುಬಿಡುತ್ತದೆ. ಮಾರನೇ ದಿನ ಅವರು 1,000ಕ್ಕೇ ಮಾರಿದರೆ ಲಾಭ ಸೊನ್ನೆ. ನಡುವಿನ 990ಕ್ಕೆ ಅಪ್ಪನೂ ಆದಾಯ ತೆರಿಗೆ ಕಟ್ಟಲಿಲ್ಲ, ಮಕ್ಕಳೂ ಕಟ್ಟಲಿಲ್ಲ. ಪಿತ್ರಾರ್ಜಿತ ಆಸ್ತಿಯ ಮೇಲೆ ಬೇರೆ ತೆರಿಗೆ ಇದೆ, ನಿಜ. ಆದರೆ ಅದಕ್ಕೆ ವಿನಾಯಿತಿಯ ಮಿತಿ ದೊಡ್ಡದು. ಟ್ರಸ್ಟ್ ಮಾಡಿಟ್ಟು ಅದನ್ನು ಇಳಿಸುವ ದಾರಿಗಳೂ ಬೇಕಾದಷ್ಟಿವೆ.

ಬರೀ ದರ ಏರಿಸಿದರೆ ಏನಾಗುತ್ತದೆ ಅನ್ನುವುದನ್ನು ಜಗತ್ತು ಆಗಲೇ ನೋಡಿದೆ. 1950ರ ದಶಕದಲ್ಲಿ ಅಮೆರಿಕದ ಆದಾಯ ತೆರಿಗೆಯ ಅತಿ ಹೆಚ್ಚಿನ ದರ ಶೇ. 91ರ ಆಸುಪಾಸಿನಲ್ಲಿತ್ತು. ಅಷ್ಟು ದರ ತಾಗುತ್ತಿದ್ದದ್ದು ಬೆರಳೆಣಿಕೆಯ ಜನಕ್ಕೆ, ಅವರಲ್ಲೂ ಬಹಳ ಜನ ಆದಾಯಕ್ಕೆ ಬೇರೆ ವೇಷ ಹಾಕಿ ತಪ್ಪಿಸಿಕೊಂಡರು. ಭಾರತದಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ಸರ್‌ಚಾರ್ಜ್ ಸೇರಿ ಶೇ. 97.75ಕ್ಕೆ ಹೋಗಿತ್ತು. ಆ ಸ್ಲ್ಯಾಬಿನಲ್ಲಿ ಇನ್ನೂ 100 ದುಡಿದರೆ ಉಳಿಯುವುದು ಎರಡೂಕಾಲು. ಯಾರು ತೋರಿಸುತ್ತಾರೆ ಹೇಳಿ? ಕಪ್ಪು ಹಣದ ಬಗ್ಗೆ ನೋಡಲು ನೇಮಿಸಿದ್ದ ವಾಂಛೂ ಸಮಿತಿಯೇ 1971ರಲ್ಲಿ, ಈ ವಿಪರೀತ ದರವೇ ಕಳ್ಳಲೆಕ್ಕಕ್ಕೆ ದೊಡ್ಡ ಕಾರಣ, ಇದನ್ನು ಶೇ. 75ಕ್ಕೆ ಇಳಿಸಿ ಅಂದಿತು. 1974ರ ಹೊತ್ತಿಗೆ 77ಕ್ಕೆ ಬಂತು, ಇಳಿಯುತ್ತಾ ಇಳಿಯುತ್ತಾ 1997ರಲ್ಲಿ 30 ಆಯಿತು.

ಹಾಗಂತ "ಇಳಿಸಿದರೆ ಸಂಗ್ರಹ ತಾನಾಗೇ ಏರುತ್ತೆ" ಅನ್ನುವ ಮಂತ್ರವನ್ನೂ ನಂಬಬೇಡಿ. ಅಮೆರಿಕದ ಕಾನ್ಸಾಸ್ ರಾಜ್ಯ 2012ರಲ್ಲಿ ಅದನ್ನೇ ನಂಬಿ ಆದಾಯ ತೆರಿಗೆ ಕಡಿತ ಮಾಡಿತು. ಮಾಲೀಕರ ಹೆಸರಿಗೆ ನೇರವಾಗಿ ಬರುವ ಕೆಲವು ಬಗೆಯ ವ್ಯಾಪಾರದ ಲಾಭಕ್ಕಂತೂ ರಾಜ್ಯದ ತೆರಿಗೆಯೇ ಇಲ್ಲ ಅಂದಿತು. ಖಜಾನೆ ಸೊರಗಿತು. 2017ರಲ್ಲಿ ಅಲ್ಲಿನ ಶಾಸಕರೇ, ಗವರ್ನರ್ ವೀಟೊ ಹಾಕಿದರೂ ಬಿಡದೆ, ಆ ಕಡಿತಗಳಲ್ಲಿ ಬಹುಪಾಲನ್ನು ವಾಪಸ್ ತೆಗೆದರು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲ ಕಾಲದಲ್ಲೂ ಇದ್ದರು. ಇಂಗ್ಲೆಂಡಿನಲ್ಲಿ 1696ರಲ್ಲಿ ಕಿಟಕಿ ತೆರಿಗೆ ಬಂತು. ಕಿಟಕಿ ಜಾಸ್ತಿ ಇದ್ದರೆ ಮನೆ ದೊಡ್ಡದು, ಮನೆ ದೊಡ್ಡದಾದರೆ ಯಜಮಾನ ಶ್ರೀಮಂತ, ಒಳಗೆ ಹೋಗದೆ ಬೀದಿಯಲ್ಲೇ ನಿಂತು ಎಣಿಸಬಹುದು ಅನ್ನುವ ಲೆಕ್ಕ. ಜನ ಇಟ್ಟಿಗೆ ತಂದು ಕಿಟಕಿ ಮುಚ್ಚಿದರು. ತೆರಿಗೆ ಹೋದದ್ದು 1851ರಲ್ಲಿ. ಚೌಕಟ್ಟು ಹಾಗೇ ಇದ್ದು, ನಡುವೆ ಇಟ್ಟಿಗೆ ತುಂಬಿದ ಕಿಟಕಿಗಳು ಅಲ್ಲಿನ ಹಳೇ ಮನೆಗಳಲ್ಲಿ ಇವತ್ತಿಗೂ ಇವೆ. ಇದರಲ್ಲಿ ಕೆಟ್ಟು ಹೋದದ್ದು ಬಾಡಿಗೆದಾರರ ಪಾಡು. ಬಡವರು ತುಂಬಿಕೊಂಡಿದ್ದ ಕಟ್ಟಡಗಳ ಕಿಟಕಿಯನ್ನೂ ಮಾಲೀಕರು ಮುಚ್ಚಿಸಿದ್ದರು. ಗಾಳಿ ಬೆಳಕು ಕಳೆದುಕೊಂಡವರು ಅವರು.

ತೆರಿಗೆಯ ಚೀಟಿ ಯಾರ ಹೆಸರಿಗೆ ಬರುತ್ತದೋ ಭಾರ ಅವರ ಮೇಲೇ ಬೀಳಬೇಕೆಂದಿಲ್ಲ. 1990ರಲ್ಲಿ ಅಮೆರಿಕ ಲಕ್ಷ ಡಾಲರಿಗಿಂತ ಹೆಚ್ಚು ಬೆಲೆಯ ವಿಹಾರದೋಣಿಗಳ ಮೇಲೆ, ಆ ಲಕ್ಷ ದಾಟಿದ ಮೊತ್ತಕ್ಕೆ ಶೇ. 10 ತೆರಿಗೆ ಹಾಕಿತು. ಶ್ರೀಮಂತರು ಸುಮ್ನೆ ದೋಣಿ ಕೊಳ್ಳುವುದನ್ನು ನಿಲ್ಲಿಸಿದರು. ಕೆಲಸ ಹೋದದ್ದು ದೋಣಿ ಕಟ್ಟುವ ಬಡಗಿಗಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗೆ. ಆಗ ಆರ್ಥಿಕ ಹಿಂಜರಿತವೂ ಇತ್ತು, ಪೂರ್ತಿ ದೂರು ತೆರಿಗೆಯ ತಲೆಗೆ ಕಟ್ಟುವಂತಿಲ್ಲ. ಆದರೂ 1993ರಲ್ಲಿ ಅದನ್ನು ತೆಗೆದೇ ತೆಗೆದರು.

ಕಂಪನಿಗಳ ಬಗ್ಗೆ ನಾನು ಹಿಂಜರಿಯುವುದೂ ಇದಕ್ಕೇ. ಕಂಪನಿ ಅನ್ನುವುದು ಕಾಗದದ ಮೇಲಿನ ಹೆಸರು. ಅದು ಕಟ್ಟಿದ ತೆರಿಗೆ ಕೊನೆಗೆ ಷೇರುದಾರರ ಲಾಭದಿಂದಲೋ, ನೌಕರರ ಸಂಬಳದಿಂದಲೋ, ಗಿರಾಕಿಯ ಜೇಬಿನಿಂದಲೋ ಬರಬೇಕು. ಯಾರಿಂದ ಎಷ್ಟು ಅನ್ನುವುದರಲ್ಲಿ ಅರ್ಥಶಾಸ್ತ್ರಜ್ಞರಿಗೆ ಇನ್ನೂ ಒಮ್ಮತವಿಲ್ಲ. ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ ಮುಕ್ಕಾಲು ಪಾಲು ಬಂಡವಾಳದ ಒಡೆಯರ ಮೇಲೆ, ಕಾಲು ಪಾಲು ದುಡಿಯುವವರ ಮೇಲೆ ಅಂತ ಲೆಕ್ಕ ಹಿಡಿಯುತ್ತದೆ. ಮುಕ್ಕಾಲು ಅಂದರೆ ಕಂಪನಿ ತೆರಿಗೆ ಬಹುಮಟ್ಟಿಗೆ ಉಳ್ಳವರ ಮೇಲಿನ ತೆರಿಗೆಯೇ, ಒಪ್ಪುತ್ತೇನೆ. ಉಳಿದ ಕಾಲುಭಾಗವನ್ನು ಮರೆಯಬೇಡಿ ಅಷ್ಟೇ. ದರ ಏರಿಸಲೇಬಾರದು ಅಂತಲೂ ಅಲ್ಲ. ಬ್ರಿಟನ್ 2023ರಲ್ಲಿ ದೊಡ್ಡ ಲಾಭದ ಕಂಪನಿಗಳಿಗೆ 19ರಿಂದ 25ಕ್ಕೆ ಏರಿಸಿತು, ಆಕಾಶವೇನೂ ಕಳಚಿ ಬೀಳಲಿಲ್ಲ.

ಕಂಪನಿಗಳಲ್ಲಿ ನಿಜವಾದ ಸೋರಿಕೆ ಇರುವುದು ದರದಲ್ಲಲ್ಲ, ಲಾಭ ಎಲ್ಲಿ ಹುಟ್ಟಿತು ಅಂತ ಬರೆಯುವ ಜಾಗದಲ್ಲಿ. ವ್ಯಾಪಾರ ಒಂದು ದೇಶದಲ್ಲಿ, ಲಾಭ ಇನ್ನೊಂದು ದೇಶದ ಲೆಕ್ಕದಲ್ಲಿ. ಆಪಲ್ ಪ್ರಕರಣ ನೋಡಿ. ಯುರೋಪಿಯನ್ ಒಕ್ಕೂಟದ ಆಡಳಿತ ನೋಡಿಕೊಳ್ಳುವ ಯುರೋಪಿಯನ್ ಕಮಿಷನ್ 2016ರಲ್ಲಿ ಹೇಳಿದ ಪ್ರಕಾರ, ಆಪಲ್‌ನ ಒಂದು ಐರಿಷ್ ಅಂಗಸಂಸ್ಥೆ 2014ರಲ್ಲಿ ಕಟ್ಟಿದ ತೆರಿಗೆ ಶೇ. 0.005. ಹತ್ತು ಲಕ್ಷ ಯೂರೋ ಲಾಭಕ್ಕೆ 50 ಯೂರೋ! 1,300 ಕೋಟಿ ಯೂರೋ ಬಾಕಿಯನ್ನು ಐರ್ಲೆಂಡಿಗೆ ಕಟ್ಟಬೇಕು ಅಂತ ಆದೇಶವಾಯಿತು. ಆಗ ಐರ್ಲೆಂಡ್ ಏನು ಮಾಡಿತು ಗೊತ್ತಾ? ಆ ದುಡ್ಡು ನಮಗೆ ಬೇಡ ಅಂತ ಆಪಲ್ ಜೊತೆ ತಾನೂ ಕೋರ್ಟಿಗೆ ಹೋಯಿತು. ಕಂಪನಿಗಳು ಬರಲಿ ಅಂತ ದೇಶಗಳು ಎಷ್ಟರ ಮಟ್ಟಿಗೆ ಪೈಪೋಟಿಗೆ ಬಿದ್ದಿವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. 2024ರಲ್ಲಿ ಯುರೋಪಿಯನ್ ಒಕ್ಕೂಟದ ಅತ್ಯುನ್ನತ ನ್ಯಾಯಾಲಯ ಕಮಿಷನ್ ಪರವಾಗಿ ತೀರ್ಪು ಕೊಟ್ಟಿತು. ದುಡ್ಡು ಐರ್ಲೆಂಡಿಗೆ ಸೇರಿತು, ಬೇಡವೆಂದರೂ.

ಈ ಪೈಪೋಟಿಗೆ ಒಂದು ತಳ ಹಾಕಲು 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಕನಿಷ್ಠ ಶೇ. 15 ಅಂತ ಒಪ್ಪಿದವು. ವರ್ಷಕ್ಕೆ 75 ಕೋಟಿ ಯೂರೋಗಿಂತ ದೊಡ್ಡ ವಹಿವಾಟಿನ ಕಂಪನಿಗಳಿಗೆ ಮಾತ್ರ. ಒಂದು ದೇಶ ಬಿಟ್ಟುಕೊಟ್ಟರೆ ಕಡಿಮೆ ಬಿದ್ದದ್ದನ್ನು ಇನ್ನೊಂದು ದೇಶ ವಸೂಲಿ ಮಾಡಿಕೊಳ್ಳಬಹುದು. ಜಾಣ ಏರ್ಪಾಡು. ಆದರೆ 2025ರಲ್ಲಿ ಜಿ7 ದೇಶಗಳು ಅಮೆರಿಕದ ಕಂಪನಿಗಳನ್ನು ಇದರ ಮುಖ್ಯ ನಿಯಮಗಳಿಂದ ಹೊರಗಿಡಲು ಒಪ್ಪಿಕೊಂಡವು. ದೊಡ್ಡಣ್ಣನಿಗೆ ಬೇರೆ ಪಂಕ್ತಿ.

ಇನ್ನು ಓಡಿಹೋಗುವ ಮಾತು. ಓಡುತ್ತಾರೆ, ಕೆಲವರು. ನಾರ್ವೆ 2022ರಲ್ಲಿ ಸಂಪತ್ತಿನ ತೆರಿಗೆಯ ಅತಿ ಹೆಚ್ಚಿನ ದರವನ್ನು ಶೇ. 1.1ಕ್ಕೆ ಏರಿಸಿದ ಮೇಲೆ ಅಲ್ಲಿನ ಹಲವು ದೊಡ್ಡ ಕುಳಗಳು ಸ್ವಿಟ್ಜರ್ಲೆಂಡಿಗೆ ಮನೆ ಬದಲಿಸಿದವು. ತಮಾಷೆ ಏನೆಂದರೆ ಸ್ವಿಟ್ಜರ್ಲೆಂಡಿನಲ್ಲೂ ಸಂಪತ್ತಿನ ತೆರಿಗೆ ಇದೆ! ಆದರೆ ಸಾಮಾನ್ಯವಾಗಿ ಸ್ವಂತದ ಷೇರು ಮಾರಿದ ಲಾಭಕ್ಕೆ ಅಲ್ಲಿ ತೆರಿಗೆಯಿಲ್ಲ. ಎಲ್ಲಿ ಏನಿದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾರ್ವೆ ತೆರಿಗೆ ಕೈಬಿಡಲಿಲ್ಲ, ಬದಲಿಗೆ ದೇಶ ಬಿಡುವಾಗ ಅದುವರೆಗಿನ ಏರಿಕೆಗೆ ತೆರಿಗೆ ಕಟ್ಟುವ ನಿಯಮವನ್ನು 2024ರಲ್ಲಿ ಬಿಗಿ ಮಾಡಿತು. ಬೇರೆಯವರಿಗೆ ಅಷ್ಟು ಧೈರ್ಯ ಇರಲಿಲ್ಲ. ಬಹುತೇಕ ಸಿರಿವಂತ ದೇಶಗಳೇ ಇರುವ ಒಇಸಿಡಿ ಗುಂಪಿನ 12 ದೇಶಗಳಲ್ಲಿ 1990ರಲ್ಲಿ ವರ್ಷಾವಧಿ ಸಂಪತ್ತಿನ ತೆರಿಗೆ ಇತ್ತು, 2017ಕ್ಕೆ 4 ದೇಶಗಳಲ್ಲಿ ಉಳಿದಿತ್ತು.

ಅದು ಬಿದ್ದುಹೋಗಲು ಓಡಿಹೋದವರಷ್ಟೇ ಕಾರಣರಲ್ಲ. ಬೆಲೆ ಕಟ್ಟುವುದು ನಿಜವಾಗಿಯೂ ಕಷ್ಟ. ಷೇರುಪೇಟೆಯಲ್ಲಿ ಪಟ್ಟಿಯಾಗದ ಖಾಸಗಿ ಕಂಪನಿಯ ಬೆಲೆ ಎಷ್ಟು? ಗೋಡೆ ಮೇಲಿನ ಚಿತ್ರದ ಬೆಲೆ ಎಷ್ಟು? ಪ್ರತಿ ವರ್ಷ ಇಲಾಖೆಯ ತಜ್ಞ ಒಂದು ಅಂದರೆ ಅವರ ತಜ್ಞ ಇನ್ನೊಂದು ಅನ್ನುತ್ತಾನೆ. 2024ರಲ್ಲಿ ಬ್ರೆಜಿಲ್ ಕೇಳಿದ್ದರಿಂದ ಗೇಬ್ರಿಯಲ್ ಝುಕ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞ ಜಿ20 ಮುಂದೆ ಒಂದು ಸಲಹೆ ಇಟ್ಟರು: ಜಗತ್ತಿನ ಸುಮಾರು 3,000 ಬಿಲಿಯನೇರ್‌ಗಳು ವರ್ಷಕ್ಕೆ ತಮ್ಮ ಸಂಪತ್ತಿನ ಕನಿಷ್ಠ ಶೇ. 2ರಷ್ಟನ್ನಾದರೂ ತೆರಿಗೆಯಾಗಿ ಕಟ್ಟಲಿ. ಅವರ ಅಂದಾಜಿನಲ್ಲಿ ಬರುವುದು 20,000ದಿಂದ 25,000 ಕೋಟಿ ಡಾಲರ್. ನನಗೆ ಉದ್ದೇಶ ಇಷ್ಟ, ಆದರೆ ಬೆಲೆ ಕಟ್ಟುವ ಈ ಜಗಳದಲ್ಲೇ ಅದು ವರ್ಷಗಟ್ಟಲೆ ಕೋರ್ಟಿನಲ್ಲಿ ಕೂರುತ್ತದೆ ಅನ್ನುವ ಭಯ.

ಹಾಗಾಗಿ ನನ್ನ ಕೈಯಲ್ಲಿದ್ದರೆ ನಾನು ಮೊದಲು ಮುಟ್ಟುವುದು ಮೂರು ಗಳಿಗೆಗಳನ್ನು. ಮಾರಿದಾಗ, ಸಂಬಳಕ್ಕೆ ಎಷ್ಟು ದರವೋ ದೊಡ್ಡ ಲಾಭಕ್ಕೂ ಅಷ್ಟೇ. ಸತ್ತಾಗ, ಏರಿದ ಅಷ್ಟಕ್ಕೂ ಲೆಕ್ಕ ಚುಕ್ತಾ. ಅಡವಿಟ್ಟಾಗ, ಒಂದು ದೊಡ್ಡ ಮಿತಿ ದಾಟಿದ ಸಾಲಕ್ಕೆ, ಅದು ಮಾರಿದ ಹಾಗೇ ಅಂತ ಲೆಕ್ಕ. ಸಣ್ಣಪುಟ್ಟ ಸಾಲದವರ ತಂಟೆಗೆ ಹೋಗುವುದು ಬೇಡ. ಮೂರನೆಯದಕ್ಕೆ ವಿರೋಧ ಜೋರಾಗಿ ಬರುತ್ತದೆ ಅಂತ ಗೊತ್ತು. "ಮಾರದ ಷೇರಿಗೆ ಬೆಲೆ ಯಾರು ಕಟ್ಟುತ್ತಾರೆ" ಅಂತಲೇ ಮೊದಲ ಪ್ರಶ್ನೆ ಏಳುತ್ತದೆ.

ಆ ಎರಡನೇ ಫೈಲಿನಲ್ಲಿ, ಕೊನೆಯ ಹಾಳೆಗೆ ಪಿನ್ ಮಾಡಿದ ಬ್ಯಾಂಕಿನ ಮಂಜೂರಾತಿ ಪತ್ರ ಇತ್ತು. ಅಡವಿಟ್ಟ ಷೇರುಗಳ ಬೆಲೆಯನ್ನು ಅದರಲ್ಲಿ ಅಂಕಿಯಲ್ಲೂ ಬರೆದಿದ್ದರು, ಅಕ್ಷರದಲ್ಲೂ ಬರೆದಿದ್ದರು. ಕೆಳಗೆ ಮಾಲೀಕರ ಸಹಿ ಇತ್ತು.