ಒತ್ತಕ್ಷರದ ಹತ್ತಿರ ನಿಂತುಹೋಗುವ ಓದು
ಪೋಷಕರ ಪ್ರಶ್ನೆ, ನಮ್ಮ ಉತ್ತರ

ಮಗ ಎರಡನೇ ತರಗತಿ, ಸರ್ಕಾರಿ ಶಾಲೆ. ಪಾಠವನ್ನು ಪಟಪಟನೆ ಓದುತ್ತಾನೆ. ಬೇರೆ ಪುಸ್ತಕ ಕೊಟ್ಟರೆ ಮಾತ್ರ ಸುಮ್ಮನಾಗುತ್ತಾನೆ. ಅ ಆ ಇ ಈ ಮೊದಲಿನಿಂದ ಬರೆಸಬೇಕೆ?
*– ತಾಯಿ, ತೀರ್ಥಹಳ್ಳಿ ತಾಲ್ಲೂಕು*

ಅವನು ಓದುತ್ತಿಲ್ಲ, ಕೇಳಿ ಕೇಳಿ ಬಾಯಿಪಾಠವಾದದ್ದನ್ನು ಹೇಳುತ್ತಿದ್ದಾನೆ. ಅದೇ ಪಾಠದ ನಡುವಿನ ಒಂದು ಪದವನ್ನು ಬಿಟ್ಟು ಉಳಿದದ್ದೆಲ್ಲ ಕಾಗದದಿಂದ ಮುಚ್ಚಿ ಕೇಳಿ ನೋಡಿ, ಗೊತ್ತಾಗುತ್ತದೆ.

ವರ್ಣಮಾಲೆಯ ಸಾಲು ಹಿಡಿದು ಮತ್ತೆ ಶುರು ಮಾಡಬೇಡಿ. ಸರ್ಕಾರಿ ಶಾಲೆಯ ಮೊದಲ ತರಗತಿಗಳಲ್ಲಿ ಆಟ, ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅಗಸ, ಅರಸ, ಗರಗಸ ಎಂದು ಓದಬಹುದು. ಕಲಿತ ದಿನವೇ ಅಕ್ಷರ ಪದವಾಗುತ್ತದೆ. ಮನೆಯಲ್ಲಿ ಅ ಆ, ಶಾಲೆಯಲ್ಲಿ ರ ಗ ಎಂದಾದರೆ ಮಗುವಿಗೆ ಎರಡೂ ಕಡೆ ಗೊಂದಲ. ಮಗ ಕಲಿಕಾ ಏಣಿಯ (ನಲಿಕಲಿಯಲ್ಲಿ ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಪಟ್ಟಿ) ಯಾವ ಮೆಟ್ಟಿಲಲ್ಲಿ ಇದ್ದಾನೆಂದು ಟೀಚರ್‌ ಹತ್ತಿರ ಕೇಳಿ, ಅಲ್ಲಿಂದಲೇ ಹಿಡಿಯಿರಿ.

ಹಳೆಯ ಮದುವೆ ಕಾಗದ ಕತ್ತರಿಸಿ ಒಂದೊಂದು ಚೀಟಿಗೆ ಒಂದೊಂದು ಅಕ್ಷರ ಬರೆಯಿರಿ. ದಿನಕ್ಕೆ ಗೊತ್ತಿರುವ ಆರು, ಹೊಸದು ಎರಡು ಸಾಕು. ಚೀಟಿ ಜೋಡಿಸಿ ಪದ ಮಾಡಲಿ, ಓದಲಿ, ಆಮೇಲೆ ಬರೆಯಲಿ. ಪ–ಷ–ಫ, ಬ–ಭ, ದ–ಧ–ಥ ಇವುಗಳನ್ನು ಒಂದೇ ದಿನ ಕೊಟ್ಟರೆ ಖಂಡಿತ ಕಲಸಿಹೋಗುತ್ತವೆ. ಒಂದು ಗಟ್ಟಿಯಾದ ಮೇಲೆ, ವಾರ ಬಿಟ್ಟು ಇನ್ನೊಂದು.

ಮಗಳು ಮೂರನೇ ತರಗತಿ. ಕಾಗುಣಿತದವರೆಗೆ ತೊಂದರೆಯಿಲ್ಲ. ಒತ್ತಕ್ಷರ ಬಂದರೆ ನಿಲ್ಲುತ್ತಾಳೆ. ‘ಅಕ್ಕಿ’ಯನ್ನು ‘ಅಕಿ’ ಎಂದು ಬರೆಯುತ್ತಾಳೆ. ತಪ್ಪಿದ ಪದ ಹತ್ತು ಹತ್ತು ಸಲ ಬರೆಸಿದರೂ ಸರಿಹೋಗಿಲ್ಲ.
*– ತಂದೆ, ಹೊಸನಗರ*

ಕನ್ನಡ ಓದುವ ಮಕ್ಕಳು ಅತಿ ಹೆಚ್ಚು ಎಡವುವ ಜಾಗ ಇದು. ಮೊದಲು ಕಿವಿ, ಆಮೇಲೆ ಕಣ್ಣು. ಕತೆ–ಕತ್ತೆ, ಬಳಿ–ಬಳ್ಳಿ, ಹಳಿ–ಹಳ್ಳಿ ಎಂದು ಜೋಡಿಯಾಗಿ ಹೇಳಿ. ನಾಲಿಗೆ ಎಲ್ಲಿ ಒತ್ತಿ ನಿಲ್ಲುತ್ತದೋ ಅಲ್ಲಿ ಚಪ್ಪಾಳೆ ತಟ್ಟಲಿ. ವ್ಯತ್ಯಾಸ ಕೇಳಿಸದ ಮಗುವಿಗೆ ಒತ್ತು ಬರೆಯುವ ಕಾರಣವೇ ಹೊಳೆಯುವುದಿಲ್ಲ.

ಇನ್ನು ಆಕಾರ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲೆಕಟ್ಟು ತೆಗೆದ ಪುಟ್ಟ ರೂಪ. ಅಕ್ಕ, ಹಗ್ಗ, ಅಜ್ಜಿ, ಬೆಟ್ಟ, ಗದ್ದೆ, ಅಪ್ಪ, ಹಬ್ಬ, ಹಳ್ಳ ಇವುಗಳಿಂದ ಶುರು ಮಾಡಿ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ. ಕತ್ತಿ, ಅನ್ನ, ಕಲ್ಲು ನೋಡಿ. ನಾವೆಲ್ಲ ಮೊದಲು ಬರೆಸುವ ‘ಅಮ್ಮ’ ಕೂಡ ಈ ಕಷ್ಟದ ಗುಂಪಿನದೇ. ಈ ಆರಕ್ಕೆ ಬೇರೆ ಚೀಟಿ ಮಾಡಿ, ಒಂದೊಂದಕ್ಕೆ ಎರಡು ದಿನ ಕೊಡಿ.

ಅಭ್ಯಾಸಕ್ಕೆ ನಮ್ಮ ಬಸ್ಸಿನ ಬೋರ್ಡೇ ಸಾಕು. ಸಾಗರ, ಸೊರಬ, ಹೊಸನಗರ: ಒತ್ತೇ ಇಲ್ಲ. ಶಿಕಾರಿಪುರದಲ್ಲಿ ಕಾಗುಣಿತ ಮಾತ್ರ. ಶಿವಮೊಗ್ಗದಲ್ಲಿ ಗಕ್ಕೆ ಗ ಒತ್ತು. ಭದ್ರಾವತಿಯಲ್ಲಿ ದಕ್ಕೆ ರ ಒತ್ತು, ಜೊತೆಗೆ ಮಹಾಪ್ರಾಣ. ಕೊನೆಗೆ ತೀರ್ಥಹಳ್ಳಿ. ಇಲ್ಲಿ ‘ರ್’ ಸದ್ದು ಥಕ್ಕಿಂತ ಮೊದಲು ಬರುತ್ತದೆ, ಅದರ ಗುರುತು ಮಾತ್ರ ಥದ ಆಚೆ ಕೂರುತ್ತದೆ. ಮಗು ಕಂಡ ಕ್ರಮದಲ್ಲೇ ಓದಿ ‘ತೀಥರ’ ಎನ್ನುತ್ತದೆ. ಅದು ಅಜಾಗರೂಕತೆಯಲ್ಲ, ಕಣ್ಣಿಗೆ ಕಂಡದ್ದನ್ನೇ ಪ್ರಾಮಾಣಿಕವಾಗಿ ಓದಿದ್ದು. ಗದರಬೇಡಿ. ಈ ಗುರುತು, ಅಂದರೆ ಅರ್ಕಾವತ್ತು, ಕಂಡರೆ ಒಂದಕ್ಷರ ಹಿಂದೆ ಹೋಗಿ ‘ರ್’ ಸೇರಿಸಬೇಕೆಂದು ಬೆರಳಿಟ್ಟು ತೋರಿಸಿ. ಸೂರ್ಯ, ಕಾರ್ಯ, ವರ್ಷ, ಮಾರ್ಗ ಈ ನಾಲ್ಕರಲ್ಲಿ ಕೂರಿಸಿ.

ಹತ್ತು ಸಲ ಬರೆಸುವುದನ್ನು ದಯವಿಟ್ಟು ಬಿಡಿ. ಎರಡನೇ ಸಾಲಿನಿಂದ ಮಗು ಪುಸ್ತಕ ನೋಡುವುದಿಲ್ಲ, ಮೇಲೆ ತಾನೇ ಬರೆದದ್ದನ್ನು ನಕಲು ಮಾಡುತ್ತದೆ. ಮೊದಲ ಸಾಲು ತಪ್ಪಿದ್ದರೆ ಹತ್ತೂ ತಪ್ಪು. ಅದರ ಬದಲು ಪದ ನೋಡಲಿ, ಗಟ್ಟಿಯಾಗಿ ಹೇಳಲಿ, ಮುಚ್ಚಿ ಬರೆಯಲಿ, ತೆರೆದು ತಾನೇ ತಾಳೆ ನೋಡಲಿ. ಮೂರು ಸಲ ಸಾಕು. ಸಂಜೆ ಐದು ಪದದ ಉಕ್ತಲೇಖನ ಕೊಡಿ, ಗೊತ್ತಿರುವುದು ಮೂರು, ಹೊಸದು ಎರಡು. ತಪ್ಪಿಗೆ ನೀವು ಸುತ್ತು ಹಾಕಬೇಡಿ. ‘ಈ ಸಾಲಲ್ಲಿ ಒಂದು ತಪ್ಪಿದೆ, ಹುಡುಕು’ ಅನ್ನಿ.

ಎರಡು ತಿಂಗಳು ಹೀಗೆ ಮಾಡಿದರೂ ಕದಲದಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಶಿಕ್ಷಣ ಇಲಾಖೆಯ ತಾಲ್ಲೂಕು ಮಟ್ಟದ ಕೇಂದ್ರ, ಬಿಆರ್‌ಸಿ) ವಿಶೇಷ ಶಿಕ್ಷಕರನ್ನು ಕೇಳಿ. ದಡ್ಡಿ ಎಂಬ ಮಾತು ಮನೆಯಲ್ಲಿ ಬೇಡವೇ ಬೇಡ.

ನನಗೆ ಓದು ಬರಹ ಬರುವುದಿಲ್ಲ. ಕೊನೆಕೊಯ್ಲು ಶುರುವಾದರೆ ರಾತ್ರಿಯವರೆಗೂ ಅಡಿಕೆ ಸುಲಿಯುವುದೇ. ಮಗನಿಗೆ ಹೇಗೆ ಹೇಳಿಕೊಡಲಿ? (ಬರೆಸಿ ಕಳಿಸಿದ ಪತ್ರ)
*– ತಾಯಿ, ಸಾಗರ ತಾಲ್ಲೂಕು*

ಹೇಳಿಕೊಡುವುದು ಬೇಡ, ಕೇಳಿಸಿಕೊಳ್ಳಿ. ನೀವು ಮೆಟ್ಟುಗತ್ತಿಯ ಮುಂದೆ ಕೂತಾಗ ಮಗ ಪಕ್ಕದಲ್ಲಿ, ಕತ್ತಿಯಿಂದ ದೂರ, ದೀಪದ ಕೆಳಗೆ ಕೂತು ಹತ್ತು ನಿಮಿಷ ಗಟ್ಟಿಯಾಗಿ ಓದಲಿ. ಒಂದೇ ಪುಟ, ಮೂರು ಸಲ. ಮೊದಲ ಸಲಕ್ಕೂ ಮೂರನೇ ಸಲಕ್ಕೂ ಇರುವ ವ್ಯತ್ಯಾಸ ಅಕ್ಷರ ಗೊತ್ತಿಲ್ಲದ ಕಿವಿಗೂ ತಿಳಿಯುತ್ತದೆ. ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ಬಹಳ ಸಲ ಅವನೇ ಸರಿ ಮಾಡಿಕೊಳ್ಳುತ್ತಾನೆ. ‘ಅರ್ಥ ಆಯ್ತಾ’ ಎಂದರೆ ಹೂಂ ಅಂದುಬಿಡುತ್ತಾನೆ. ‘ಯಾರು ಬಂದ್ರು? ಆಮೇಲೆ ಎಂತ ಆಯ್ತು?’ ಎಂದು ಕೇಳಿ.

ಬರಹಕ್ಕೂ ನಿಮ್ಮ ಕೆಲಸವೇ ಆಗುತ್ತದೆ. ಸಂತೆಯ ಚೀಟಿ, ಕೂಲಿಯ ಲೆಕ್ಕ ಅವನ ಕೈಯಲ್ಲೇ ಬರೆಸಿ. ಪೇಪರಿನ ಅಡಿಕೆ ಧಾರಣೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಬಗೆಗಳ ದರ ಅವನೇ ಓದಿ ಹೇಳಲಿ. ನೀವು ಒಂದು ಕತೆ ಹೇಳಿ, ಅವನು ನಾಲ್ಕು ಸಾಲಲ್ಲಿ ಬರೆದು ನಿಮಗೇ ಓದಿ ಹೇಳಲಿ. ಪುಸ್ತಕ ಬೇಕಾದರೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕಳಿಸಿ, ಮಕ್ಕಳಿಗೆ ಸದಸ್ಯತ್ವ ಉಚಿತ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದಕ್ಕೆ ನಿಂತರೆ ಆ ಪುಸ್ತಕ ಸದ್ಯಕ್ಕೆ ಬೇಡ.

ನಮ್ಮದು ಹವ್ಯಕರ ಮನೆ. ಮಗಳು ಬರೆಯುವಾಗಲೂ ‘ಆನು’ ಎಂದೇ ಬರೆಯುತ್ತಾಳೆ. ಮನೆಮಾತು ಬಿಡಿಸಬೇಕೆ?
*– ತಂದೆ, ಸಾಗರ*

ಬಿಡಿಸಬೇಡಿ. ಮನೆಮಾತಲ್ಲಿ ಸರಾಗವಾಗಿ ಕತೆ ಹೇಳುವ ಮಗುವಿಗೆ ಬರೆಯಲು ವಿಷಯ ಸಿಗುತ್ತದೆ. ‘ಮನೇಲಿ ಆನು, ಪುಸ್ತಕದಲ್ಲಿ ನಾನು’ ಎಂದು ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ.

ಒಂದನೇ ತರಗತಿಯ ಮಗ ಪೆನ್ಸಿಲ್ ಮುಷ್ಟಿಯಲ್ಲಿ ಹಿಡಿಯುತ್ತಾನೆ. ಮಳೆಗಾಲದಲ್ಲಂತೂ ನೋಟ್‌ಬುಕ್ಕೇ ಹರಿದುಹೋಗುತ್ತದೆ.
*– ತಾಯಿ, ಆಗುಂಬೆ ಸಮೀಪ*

ಉದ್ದನೆ ಪೆನ್ಸಿಲ್ ತೆಗೆದಿಟ್ಟು ಎರಡು ಮೂರು ಸೆಂಟಿಮೀಟರಿನ ಸೀಮೆಸುಣ್ಣದ ತುಂಡು ಕೊಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ಬೆರಳು ತಾನಾಗಿ ಸರಿಯಾಗುತ್ತದೆ. ಕನ್ನಡದ ಅಕ್ಷರ ಗುಂಡಗೆ ಇರುವುದರಿಂದ ಸ್ಲೇಟಿನ ಮೇಲೆ ಒಂದು ವಾರ ಸೊನ್ನೆ, ಅರ್ಧಚಂದ್ರ, ಸುರುಳಿ ಬರೆಸಿ. ಎಡಗೈಯವನಾದರೆ ಕೈ ಬದಲಿಸಬೇಡಿ. ಥಂಡಿ ಹಿಡಿದ ಕಾಗದ ಮೆತ್ತಗಾಗಿರುತ್ತದೆ, ಒತ್ತಿ ಬರೆದರೆ ಹರಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮನೆಯ ಅಭ್ಯಾಸವೆಲ್ಲ ಸ್ಲೇಟಿನಲ್ಲೇ ಇರಲಿ. ಶಾಲೆಯ ನೋಟ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿ ಹೋಗಲಿ, ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿರಲಿ.