45ಕ್ಕೆ ಕರಣೆ ಹಿಡಿಯಬಹುದೇ?

ಪ್ರಶ್ನೆ: ನನಗೆ 45 ವರ್ಷ, ಲೆಕ್ಕಪತ್ರದ ಕೆಲಸ. ಅದನ್ನು ಬಿಟ್ಟು ಹಳೆಯ ಕಟ್ಟಡಗಳ ದುರಸ್ತಿ ಕಲಿಯುವ ಆಸೆ. ತಡವಾಯಿತೇ?

ಉತ್ತರ: ವಯಸ್ಸು ಅಡ್ಡಿಯಲ್ಲ, ಮಂಡಿ-ಸೊಂಟ ಅಡ್ಡಿಯಾದೀತು. ರಾಜೀನಾಮೆಗೆ ಮೊದಲು ಎರಡು ವಾರ ರಜೆ ಹಾಕಿ, ಸಾರುವೆ ಹತ್ತಿ ನೋಡಿ. ಕಲ್ಲು, ಮರ, ಗಾರೆ ಮೂರಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಸುಣ್ಣದ ಗಾರೆಯಿಂದ ಶುರು ಮಾಡುವುದು ವಾಸಿ: ಸಲಕರಣೆ ಕಡಿಮೆ, ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಮೊದಲ ಅಭ್ಯಾಸಕ್ಕೆ ಹಳೆಯ ಇಟ್ಟಿಗೆ ಗೋಡೆಯ ಸಂದು ತುಂಬಿ ನೋಡಿ. ಗಾರೆಗೆ ಬೇಕಾದದ್ದು: ನೀರು ಹಾಕಿ ಅರಳಿಸಿ ಕನಿಷ್ಠ 3 ತಿಂಗಳು ನೀರಿನಡಿ ಇಟ್ಟ ಸುಣ್ಣ 1 ಪಾಲು, ತೊಳೆದ ಒರಟು ಮರಳು 3 ಪಾಲು. ಇಟ್ಟಿಗೆಗಳ ನಡುವಿನ ಸಂದನ್ನು ಅದರ ಅಗಲದ ಎರಡರಷ್ಟು ಆಳಕ್ಕೆ ಉಳಿಯಿಂದ ಕೆರೆಯಿರಿ. ಕತ್ತರಿಸುವ ಗ್ರೈಂಡರ್ ಯಂತ್ರ ಬೇಡ, ಇಟ್ಟಿಗೆಯ ಅಂಚು ಹಾರುತ್ತದೆ. ಗೋಡೆ ನೆನೆಸಿ, ಗಾರೆಯನ್ನು ಒತ್ತಿ ತುಂಬಿ, ಒದ್ದೆ ಗೋಣಿಚೀಲ ಹೊದಿಸಿ ಒಂದು ವಾರ ತೇವ ಕಾಯಿರಿ. ಬೇಗ ಒಣಗಿದರೆ ಉಗುರಿಗೇ ಪುಡಿಯಾಗಿ ಉದುರುತ್ತದೆ. ಸುಣ್ಣ ಗಟ್ಟಿಯಾಗುವುದು ತೇವದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ.

ಬೇಗ ಮುಗಿಯಲೆಂದು ಸಿಮೆಂಟ್ ಬೆರೆಸುವ ಚಾಳಿ ಮಾತ್ರ ಕಲಿಯಬೇಡಿ. ಸಿಮೆಂಟ್ ತಡೆಯುವುದರಿಂದ ಸಂದಿನಿಂದ ಹೊರಬರಲಾಗದ ತೇವ ಮೆದು ಇಟ್ಟಿಗೆಯಲ್ಲೇ ನಿಂತು, ಉಪ್ಪು ಹರಳುಗಟ್ಟಿ ಅದರ ಮುಖ ಕಳಚುತ್ತದೆ. ಅಂದಹಾಗೆ, ನಿಮ್ಮ ಲೆಕ್ಕಪತ್ರದ ಅನುಭವ ಅಂದಾಜುಪಟ್ಟಿ ಬರೆಯಲು ಚೆನ್ನಾಗಿ ಒದಗುತ್ತದೆ.